ಒಂದೇ ಸರ್ವರ್‌ನಲ್ಲಿ ಹಲವು ಸರ್ವರ್‌ಗಳು

(ಸಂಘದ ಕಂಪ್ಯೂಟರ್ ತರಬೇತಿ ಶಿಬಿರದ ಕೊನೆಯ ದಿನ ಸದಸ್ಯರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು, ಕನ್ನಡ ಪಾಠ ಮಾಡುವ ಮೇಷ್ಟ್ರನ್ನು ಸರ್ವರ್ ವಿಷಯ ಮಾತಾಡಲು ಯಾಕೆ ಕರೆದರು ಎಂದು ಹಿಂದಿನ ಸಾಲಿನಲ್ಲಿ ಕೆಲವರು ಪಿಸುಗುಡುತ್ತಿರುವುದು ನನಗೆ ಗೊತ್ತಾಗುತ್ತಿದೆ. ನ್ಯಾಯವಾದ ಪ್ರಶ್ನೆ. ನಾನು ಓದಿದ್ದು ಬಿ.ಎ., ಬಿ.ಎಡ್. ಕಂಪ್ಯೂಟರ್ ಕಲಿತದ್ದು ಅಗತ್ಯ ಬಿದ್ದಾಗ, ಅದೂ ಒಂದು ಪೆಟ್ಟು ತಿಂದ ಮೇಲೆ. ಆ ಪೆಟ್ಟಿನಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಕಂಪ್ಯೂಟರ್ ಕೊಠಡಿಗೆ ನಾನು ಸಂಜೆ ಹೊತ್ತು ಸಹಾಯಕ್ಕೆ ಹೋಗುತ್ತಿದ್ದೆ. ಅಲ್ಲಿದ್ದದ್ದು ಒಂದೇ ಸರ್ವರ್. ಸರ್ವರ್ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ, ಮೂಲೆಯಲ್ಲಿ ಮಾನಿಟರ್ ಇಲ್ಲದೆ ಹಗಲೂ ರಾತ್ರಿ ಓಡುತ್ತಿದ್ದ ಒಂದು ಡೆಸ್ಕ್‌ಟಾಪ್ ಪೆಟ್ಟಿಗೆ. ಅದರಲ್ಲಿ ಮೂರು ಕೆಲಸ: ಮಕ್ಕಳು ಓದುವ ಪಾಠದ ಪುಟಗಳು, ಪರೀಕ್ಷೆಯ ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿಗಳ ದಾಖಲೆ. ಹತ್ತನೇ ತರಗತಿ ಮುಗಿಸಿದ ಒಬ್ಬ ಚುರುಕು ಹುಡುಗ ಪಾಠದ ಪುಟಗಳಿಗೆ ಬೇಕೆಂದು ಡೇಟಾಬೇಸ್ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದ. ಪಾಠದ ಪುಟಗಳು ಚೆನ್ನಾಗಿಯೇ ಬಂದವು. ಆದರೆ ವಿದ್ಯಾರ್ಥಿವೇತನದ ಪ್ರೋಗ್ರಾಂ ಹಳೆಯ ಆವೃತ್ತಿಯನ್ನೇ ನಂಬಿಕೊಂಡಿತ್ತು. ಅದು ಎದ್ದೇಳಲೇ ಇಲ್ಲ. ಅರ್ಜಿಯ ಕೊನೆಯ ದಿನಕ್ಕೆ ಉಳಿದಿದ್ದು ಮೂರು ದಿನ. ನಾವು ನಾಲ್ವರು ಕೂತು ನೂರಕ್ಕೂ ಹೆಚ್ಚು ಅರ್ಜಿಗಳನ್ನು ಕಾಗದ ನೋಡಿಕೊಂಡು ಮತ್ತೆ ತುಂಬಿದೆವು. ಇಬ್ಬರು ಮಕ್ಕಳ ಆದಾಯ ಪ್ರಮಾಣಪತ್ರದ ನಕಲು ಕಾಗದದಲ್ಲಿ ಇರಲಿಲ್ಲ, ಯಂತ್ರದೊಳಗೆ ಮಾತ್ರ ಇತ್ತು. ಅವರಿಬ್ಬರ ಅರ್ಜಿ ಆ ವರ್ಷ ಹೋಗಲಿಲ್ಲ.

ಆ ಹುಡುಗ ಮರುದಿನದಿಂದ ಕೊಠಡಿಗೆ ಬರುವುದನ್ನೇ ಬಿಟ್ಟ. ಎಲ್ಲರೂ ಅವನನ್ನೇ ಬೈದರು, ನಾನೂ ಒಂದು ಮಾತು ಅಂದೆ. ತಪ್ಪು ಅವನದಾಗಿರಲಿಲ್ಲ. ಮೂರು ಸಂಸಾರಗಳನ್ನು ಒಂದೇ ಕೋಣೆಯಲ್ಲಿ, ಒಂದೇ ಒಲೆಯ ಮೇಲೆ ಇಟ್ಟಿದ್ದು ನಾವು. ಮೂರು ಕೆಲಸಕ್ಕೆ ಮೂರು ಯಂತ್ರ ಕೊಳ್ಳಲು ದುಡ್ಡಿರಲಿಲ್ಲ ಎಂಬುದೂ ನಿಜ. ಒಂದೇ ಯಂತ್ರವನ್ನು ಮೂರು ಯಂತ್ರಗಳಂತೆ ಬಳಸುವ ದಾರಿ ಇದೆ, ಅದಕ್ಕೆ ಒಂದು ಪೈಸೆ ಲೈಸೆನ್ಸ್ ಹಣವೂ ಬೇಡ ಎಂದು ನನಗೆ ತಿಳಿದದ್ದು ಆಮೇಲೆ. ಅದಕ್ಕೆ ಸರ್ವರ್ ವರ್ಚುವಲೈಸೇಶನ್ ಎಂದು ಹೆಸರು. ಲಿನಕ್ಸ್‌ನಲ್ಲಿ ಅದು ಹೇಗೆ ಬೆಳೆದು ಬಂತು ಎಂಬುದೇ ಇಂದಿನ ವಿಷಯ.

ನಮ್ಮ ಕಡೆ ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಕನ್ನಡ ಶಾಲೆ, ಮಧ್ಯಾಹ್ನ ಉರ್ದು ಶಾಲೆ ನಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಕೆಲವರು ಅಂಥ ಶಾಲೆಯಲ್ಲೇ ಓದಿದವರು. ಕಟ್ಟಡ ಒಂದೇ, ಬೆಂಚು ಒಂದೇ, ಬೋರ್ಡು ಒಂದೇ. ಆದರೆ ಹಾಜರಿ ಪುಸ್ತಕ ಬೇರೆ, ಮುಖ್ಯೋಪಾಧ್ಯಾಯರು ಬೇರೆ, ವೇಳಾಪಟ್ಟಿ ಬೇರೆ. ವರ್ಚುವಲೈಸೇಶನ್ ಅಂದರೆ ಇದೇ, ಒಂದು ವ್ಯತ್ಯಾಸದೊಂದಿಗೆ. ಶಾಲೆಯಲ್ಲಿ ಪಾಳಿ ಬದಲಾಗುವುದು ದಿನಕ್ಕೆ ಒಮ್ಮೆ, ಕಂಪ್ಯೂಟರ್‌ನಲ್ಲಿ ಸೆಕೆಂಡಿಗೆ ನೂರಾರು ಬಾರಿ. ಬೋರ್ಡ್ ಅಳಿಸುವ ಮುಂಚೆ ಅದರ ಮೇಲಿದ್ದದ್ದನ್ನೆಲ್ಲ ನಕಲು ತೆಗೆದಿಟ್ಟುಕೊಂಡು, ಮತ್ತೆ ಪಾಳಿ ಬಂದಾಗ ಅಕ್ಷರವೂ ತಪ್ಪದಂತೆ ಬರೆದುಕೊಡುತ್ತದೆ. ಆದ್ದರಿಂದ ಪ್ರತಿಯೊಂದು ಶಾಲೆಗೂ ಇಡೀ ಕಟ್ಟಡ ತನ್ನದೊಬ್ಬಳದೇ ಎಂಬ ಭಾವನೆ.

ಹೀಗೆ ಪಾಳಿ ನೋಡಿಕೊಳ್ಳುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ. ಭಾಷಾ ಶಿಕ್ಷಕನಾಗಿ ಈ ಶಬ್ದ ನನಗೆ ಇಷ್ಟ. ಹಿಂದೆ ಆಪರೇಟಿಂಗ್ ಸಿಸ್ಟಂನ ತಿರುಳನ್ನು ಸೂಪರ್‌ವೈಸರ್ ಎಂದು ಕರೆಯುತ್ತಿದ್ದರು, ಉರ್ದುವಿನಲ್ಲಿ ಹೇಳುವುದಾದರೆ ನಿಗರಾನ್. ಆ ನಿಗರಾನ್‌ಗಳ ಮೇಲೊಬ್ಬ ನಿಗರಾನ್ ಬಂದಾಗ ಅವನಿಗೆ ಸೂಪರ್‌ಗಿಂತ ಮೇಲಿನ ಹೈಪರ್ ಸೇರಿಸಿದರು. ಯಂತ್ರದ ಮೇಲೆ ನೇರವಾಗಿ ಇರುವ ವ್ಯವಸ್ಥೆಗೆ ಹೋಸ್ಟ್ ಎಂದೂ, ಅದರೊಳಗೆ ಓಡುವುದಕ್ಕೆ ಗೆಸ್ಟ್ ಎಂದೂ ಹೆಸರು. ಮೇಜ್‌ಬಾನ್, ಮೆಹಮಾನ್. ಇಷ್ಟು ತಿಳಿದರೆ ಇಂಗ್ಲಿಷ್ ಪುಸ್ತಕದ ಮೊದಲ ಅಧ್ಯಾಯ ಅರ್ಧ ಅರ್ಥವಾದಂತೆಯೇ, ಹೆದರಬೇಕಾಗಿಲ್ಲ.

ಇದು ಹೊಸ ಕಲ್ಪನೆಯೇನಲ್ಲ. ಐಬಿಎಂ ಕಂಪನಿಯವರು 1960ರ ದಶಕದಲ್ಲಿಯೇ ತಮ್ಮ ದೊಡ್ಡ ಮೇನ್‌ಫ್ರೇಮ್ ಯಂತ್ರಗಳಲ್ಲಿ ಇದನ್ನು ಮಾಡಿದ್ದರು. 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಅದನ್ನು ಗ್ರಾಹಕರಿಗೆ ಕೊಟ್ಟರು. ಆಗ ಯಂತ್ರ ತುಂಬಾ ದುಬಾರಿ, ಹಂಚಿಕೊಳ್ಳದೆ ಗತ್ಯಂತರವಿರಲಿಲ್ಲ. ಆಮೇಲೆ ಅಗ್ಗದ ಪಿಸಿಗಳು ಬಂದವು, ಕೆಲಸಕ್ಕೊಂದು ಯಂತ್ರ ಇಡುವುದು ರೂಢಿಯಾಯಿತು, ಈ ವಿದ್ಯೆ ಬಹುಮಟ್ಟಿಗೆ ಮೇನ್‌ಫ್ರೇಮ್‌ಗಳಲ್ಲೇ ಉಳಿದುಕೊಂಡಿತು. ಆದರೆ ಕಂಪನಿಗಳ ಕೋಣೆಗಳಲ್ಲಿ ಸರ್ವರ್‌ಗಳ ಸಂಖ್ಯೆ ಬೆಳೆದಂತೆ ಒಂದು ವಿಚಿತ್ರ ಕಂಡಿತು. ಹೆಚ್ಚಿನ ಯಂತ್ರಗಳು ಹೆಚ್ಚಿನ ಹೊತ್ತು ಸುಮ್ಮನೆ ಕೂತಿರುತ್ತವೆ. ಕರೆಂಟು, ಏಸಿ, ಜಾಗ ಮಾತ್ರ ಪೂರ್ತಿ ಬೇಕು. ಹಾಗಾದರೆ ಮತ್ತೆ ಹಂಚಿಕೊಳ್ಳೋಣ ಎಂದರೆ, ಪಿಸಿಯ ಪ್ರೊಸೆಸರ್ ಅದಕ್ಕೆ ಒಗ್ಗುತ್ತಿರಲಿಲ್ಲ.

ಯಾಕೆ ಒಗ್ಗುತ್ತಿರಲಿಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ.

ಪ್ರೊಸೆಸರ್‌ನಲ್ಲಿ ಅಧಿಕಾರದ ಮಟ್ಟಗಳಿವೆ. ಎಕ್ಸ್86 ಎಂಬ ನಮ್ಮ ಸಾಮಾನ್ಯ ಪಿಸಿ ಪ್ರೊಸೆಸರ್‌ನಲ್ಲಿ ಸೊನ್ನೆಯಿಂದ ಮೂರರವರೆಗೆ ನಾಲ್ಕು ಮಟ್ಟ. ಆಪರೇಟಿಂಗ್ ಸಿಸ್ಟಂನ ಕರ್ನಲ್ ಸೊನ್ನೆಯಲ್ಲಿ ಕೂರುತ್ತದೆ, ಎಲ್ಲಾ ಅಧಿಕಾರವೂ ಅದಕ್ಕೆ. ಸಾಮಾನ್ಯ ಪ್ರೋಗ್ರಾಂಗಳು ಮೂರರಲ್ಲಿ. ಮೂರರಲ್ಲಿರುವವನು ಅಧಿಕಾರ ಮೀರಿದ ಆಜ್ಞೆ ಕೊಟ್ಟರೆ ಪ್ರೊಸೆಸರ್ ತಡೆದು ಕರ್ನಲ್‌ಗೆ ದೂರು ಒಯ್ಯುತ್ತದೆ. ಈಗ ಒಂದು ಕರ್ನಲ್ಲನ್ನೇ ಮೆಹಮಾನ್ ಮಾಡಬೇಕೆಂದರೆ ಅದನ್ನು ಸೊನ್ನೆಯಿಂದ ಕೆಳಗಿಳಿಸಬೇಕು, ಅದು ಅಧಿಕಾರದ ಆಜ್ಞೆ ಕೊಟ್ಟಾಗಲೆಲ್ಲ ಹೈಪರ್‌ವೈಸರ್‌ಗೆ ಸುದ್ದಿ ಮುಟ್ಟಬೇಕು. ಸುದ್ದಿ ಮುಟ್ಟಿದರೆ ಹೈಪರ್‌ವೈಸರ್ ಆ ಕೆಲಸ ತಾನೇ ಮಾಡಿಕೊಟ್ಟು ಸಮಾಧಾನಪಡಿಸುತ್ತದೆ. ಆದರೆ ಈ ಪ್ರೊಸೆಸರ್‌ನಲ್ಲಿ ಕೆಲವು ಆಜ್ಞೆಗಳು ಹಾಗಲ್ಲ. ಅಧಿಕಾರವಿಲ್ಲದವನು ಕೊಟ್ಟರೆ ಅವು ದೂರನ್ನೂ ಒಯ್ಯುವುದಿಲ್ಲ, ಕೆಲಸವನ್ನೂ ಸರಿಯಾಗಿ ಮಾಡುವುದಿಲ್ಲ, ಏನೂ ಆಗದವರಂತೆ ಮುಂದೆ ಹೋಗುತ್ತವೆ. ತರಗತಿಯಲ್ಲಿ ಪ್ರಶ್ನೆ ಕೇಳಿದಾಗ 'ಗೊತ್ತಿಲ್ಲ ಸಾರ್' ಎನ್ನುವ ಹುಡುಗನಿಗೆ ಹೇಳಿಕೊಡಬಹುದು. ತಲೆಯಾಡಿಸಿ ಸುಮ್ಮನೆ ಕೂರುವವನಿಗೆ ಏನು ಮಾಡುವುದು? ಪೆಂಟಿಯಂ ಪ್ರೊಸೆಸರ್‌ನಲ್ಲಿ ಹೀಗೆ ತಲೆಯಾಡಿಸುವ ಆಜ್ಞೆಗಳು ಹದಿನೇಳು ಇವೆ ಎಂದು 2000ದಲ್ಲಿ ಜಾನ್ ರಾಬಿನ್ ಮತ್ತು ಸಿಂಥಿಯಾ ಇರ್ವಿನ್ ಎಂಬ ಸಂಶೋಧಕರು ಪಟ್ಟಿ ಮಾಡಿ ತೋರಿಸಿದರು.

ಇದಕ್ಕೆ ಮೂರು ಉತ್ತರಗಳು ಬಂದವು. ಮೂರನ್ನೂ ಭಾಷೆಯ ಉದಾಹರಣೆಯಲ್ಲಿ ಹೇಳಬಹುದು, ನನ್ನ ಕಸುಬು ಅದೇ ತಾನೆ.

ಮೊದಲನೆಯದು ದುಭಾಷಿಯನ್ನು ನಡುವೆ ನಿಲ್ಲಿಸುವುದು. 1998ರಲ್ಲಿ ಅಮೆರಿಕದಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಇದನ್ನು ಮಾಡಿತು. ಗೆಸ್ಟ್ ಕರ್ನಲ್ ಆಡುವ ಮಾತನ್ನು ಓಡುತ್ತಿರುವಾಗಲೇ ನೋಡಿ, ತೊಂದರೆಯ ಆಜ್ಞೆ ಬಂದ ಕಡೆ ಬೇರೆ ಆಜ್ಞೆ ಇಡುವುದು. ಬಹಳ ಜಾಣತನದ ಕೆಲಸ, ಆದರೆ ಅವರ ತಂತ್ರಾಂಶ ಮುಚ್ಚಿದ ಪೆಟ್ಟಿಗೆ, ಆಗ ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು.

ಎರಡನೆಯದು ಅತಿಥಿಗೇ ಆತಿಥೇಯನ ಭಾಷೆ ಕಲಿಸುವುದು. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಇಯಾನ್ ಪ್ರಾಟ್, ಕೀರ್ ಫ್ರೇಸರ್ ಮತ್ತು ಸಂಗಡಿಗರು 2003ರಲ್ಲಿ ಹೊರತಂದ ಝೆನ್ ಈ ಬಗೆಯದು. ಗೆಸ್ಟ್ ಕರ್ನಲ್ಲನ್ನೇ ತಿದ್ದಿ, 'ನೀನು ಸೊನ್ನೆಯಲ್ಲಿಲ್ಲ, ಏನು ಬೇಕಾದರೂ ಹೈಪರ್‌ವೈಸರ್‌ನನ್ನು ಕೇಳು' ಎಂದು ಹೇಳಿಕೊಟ್ಟರು. ಹೀಗೆ ಕೇಳುವುದಕ್ಕೆ ಹೈಪರ್‌ಕಾಲ್ ಎಂದೂ, ಈ ವಿಧಾನಕ್ಕೆ ಪ್ಯಾರಾವರ್ಚುವಲೈಸೇಶನ್ ಎಂದೂ ಹೆಸರು. ಸುಳ್ಳು ನಾಟಕವಿಲ್ಲದ ಕಾರಣ ವೇಗ ಚೆನ್ನಾಗಿತ್ತು. ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯ ಇಲ್ಲೊಂದಿದೆ. ಕರ್ನಲ್ಲನ್ನು ತಿದ್ದಬೇಕಾದರೆ ಅದರ ಮೂಲ ಬರಹ ಕೈಯಲ್ಲಿರಬೇಕು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯಲಾರಂಭಿಸಿದ ಲಿನಕ್ಸ್‌ನ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಮುಕ್ತವಾಗಿದ್ದುದರಿಂದಲೇ ಅದು ಝೆನ್‌ಗೆ ಸುಲಭವಾಗಿ ಒಗ್ಗಿತು. 'ಮುಕ್ತ ತಂತ್ರಾಂಶ ಅಂದರೆ ಬಿಟ್ಟಿ ತಂತ್ರಾಂಶ' ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಬಿಟ್ಟಿ ಎಂಬುದು ಅದರ ಸಣ್ಣ ಲಾಭ. ತಿದ್ದುವ ಹಕ್ಕೇ ದೊಡ್ಡದು.

ಅಮೆಜಾನ್ ಕಂಪನಿ 2006ರಲ್ಲಿ ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆ ಕೊಡುವ ಸೇವೆ ಶುರು ಮಾಡಿದಾಗ ಒಳಗೆ ಓಡುತ್ತಿದ್ದದ್ದು ಝೆನ್. ಇವತ್ತು ಕ್ಲೌಡ್ ಕ್ಲೌಡ್ ಎಂದು ಎಲ್ಲರೂ ಹೇಳುತ್ತಾರಲ್ಲ, ಅದು ಆಕಾಶದಲ್ಲೇನೂ ಇಲ್ಲ. ಯಾವುದೋ ಊರಿನ ಕಟ್ಟಡದಲ್ಲಿ ಸಾಲಾಗಿ ನಿಂತ ಯಂತ್ರಗಳು, ಅವುಗಳೊಳಗೆ ಇಂಥ ಬಾಡಿಗೆ ಮನೆಗಳು.

ಮೂರನೆಯ ಉತ್ತರ ಪ್ರೊಸೆಸರ್‌ನ್ನೇ ತಿದ್ದುವುದು. 2005ರ ಕೊನೆಯಲ್ಲಿ ಇಂಟೆಲ್ ವಿಟಿ-ಎಕ್ಸ್ ಎಂಬ ಸೌಲಭ್ಯವನ್ನೂ, 2006ರಲ್ಲಿ ಎಎಂಡಿ ಕಂಪನಿ ಎಎಂಡಿ-ವಿ ಎಂಬುದನ್ನೂ ತಮ್ಮ ಪ್ರೊಸೆಸರ್‌ಗಳಲ್ಲಿ ಕೊಟ್ಟವು. ಇನ್ನು ಗೆಸ್ಟ್ ಕರ್ನಲ್ ತನ್ನ ಸೊನ್ನೆಯ ಮಟ್ಟದಲ್ಲೇ ಕೂತಿರಬಹುದು. ಆದರೆ ಆ ಸೊನ್ನೆಯೇ ಒಂದು ಗೆರೆಯೊಳಗೆ ಇರುತ್ತದೆ, ಗೆರೆ ದಾಟುವ ಆಜ್ಞೆ ಬಂದರೆ ಪ್ರೊಸೆಸರೇ ಹೈಪರ್‌ವೈಸರ್‌ನನ್ನು ಕೂಗುತ್ತದೆ. ವಿಂಡೋಸ್‌ನಂಥ ತಿದ್ದಲಾಗದ ಅತಿಥಿಗಳಿಗೂ ಬಾಗಿಲು ತೆರೆಯಿತು.

ಇಲ್ಲಿಂದ ಕಥೆ ನನಗೆ ಬಹಳ ಇಷ್ಟವಾದ ತಿರುವು ತೆಗೆದುಕೊಳ್ಳುತ್ತದೆ. ಇಸ್ರೇಲಿನ ಕುಮ್ರಾನೆಟ್ ಎಂಬ ಸಣ್ಣ ಕಂಪನಿಯಲ್ಲಿ ಆವಿ ಕಿವಿಟಿ ಎಂಬ ಎಂಜಿನಿಯರ್ ಹೀಗೆ ಯೋಚಿಸಿದರು: ಹೈಪರ್‌ವೈಸರ್ ಮಾಡುವ ಕೆಲಸವೇನು? ಪ್ರೊಸೆಸರ್ ಸಮಯ ಹಂಚುವುದು, ಮೆಮೊರಿ ಹಂಚುವುದು, ಡಿಸ್ಕ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವುದು. ಲಿನಕ್ಸ್ ಕರ್ನಲ್ ವರ್ಷಗಳಿಂದ ಮಾಡುತ್ತಿರುವುದೂ ಇದೇ ಅಲ್ಲವೇ? ಹಾಗಾದರೆ ಹೊಸ ಹೈಪರ್‌ವೈಸರ್ ಕಟ್ಟುವುದೇಕೆ, ಲಿನಕ್ಸ್‌ನ್ನೇ ಹೈಪರ್‌ವೈಸರ್ ಮಾಡಿದರಾಯಿತು. ಪ್ರೊಸೆಸರ್‌ನ ಹೊಸ ಸೌಲಭ್ಯವನ್ನು ಬಳಸಿಕೊಡುವ ಒಂದು ಮಾಡ್ಯೂಲ್ ಬರೆದು 2006ರ ಅಕ್ಟೋಬರ್‌ನಲ್ಲಿ ಲಿನಕ್ಸ್ ಬಳಗದ ಮುಂದಿಟ್ಟರು. ಅದೇ ಕೆವಿಎಂ, ಕರ್ನಲ್-ಬೇಸ್ಡ್ ವರ್ಚುವಲ್ ಮಷೀನ್. 2007ರ ಫೆಬ್ರವರಿಯಲ್ಲಿ ಹೊರಬಂದ ಲಿನಕ್ಸ್ 2.6.20ರಲ್ಲಿ ಅದು ಸೇರಿಯೇಹೋಯಿತು, ನಾಲ್ಕು ತಿಂಗಳೊಳಗೆ! ಝೆನ್‌ನ ಹೋಸ್ಟ್ ಭಾಗ ಪೂರ್ಣವಾಗಿ ಮುಖ್ಯ ಕರ್ನಲ್ ಸೇರಲು 2011ರ ಲಿನಕ್ಸ್ 3.0ವರೆಗೆ ಕಾಯಬೇಕಾಯಿತು. ಝೆನ್ ಒಳ್ಳೆಯ ಕೆಲಸವೇ, ಆದರೆ ಅದು ಪಕ್ಕದಲ್ಲಿ ಕಟ್ಟಿದ ಇನ್ನೊಂದು ಮನೆ. ಕೆವಿಎಂ ಇದ್ದ ಮನೆಗೇ ಹಾಕಿದ ಬಾಗಿಲು.

ಕೆವಿಎಂನಲ್ಲಿ ಪ್ರತಿಯೊಂದು ವರ್ಚುವಲ್ ಯಂತ್ರವೂ ಲಿನಕ್ಸ್‌ನ ಕಣ್ಣಿಗೆ ಒಂದು ಸಾಮಾನ್ಯ ಪ್ರೋಗ್ರಾಂ. ಬ್ರೌಸರ್‌ನಂತೆ ಅದನ್ನೂ ಪಟ್ಟಿಯಲ್ಲಿ ನೋಡಬಹುದು, ನಿಲ್ಲಿಸಬಹುದು. ಇನ್ನು ಅತಿಥಿಗೆ ಒಂದು ಡಿಸ್ಕ್ ಬೇಕು, ನೆಟ್‌ವರ್ಕ್ ಕಾರ್ಡ್ ಬೇಕು, ಪರದೆ ಬೇಕು. ಇವನ್ನೆಲ್ಲ ನಟಿಸಿ ತೋರಿಸುವುದು ಕ್ಯೂಇಎಂಯು ಎಂಬ ತಂತ್ರಾಂಶ, ಇದನ್ನು ಮೊದಲು ಬರೆದವರು ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ಡ್. ಆದರೆ ಇಲ್ಲದ ಕಾರ್ಡನ್ನು ಇದ್ದಂತೆ ನಟಿಸುವುದು ನಿಧಾನ. ಅದಕ್ಕಾಗಿ ರಸ್ಟಿ ರಸೆಲ್ ಎಂಬವರು ವರ್ಟ್‌ಐಒ ಎಂಬ ಒಪ್ಪಂದ ರೂಪಿಸಿದರು. ಅತಿಥಿಗೂ ತಾನು ಅತಿಥಿಯೆಂದು ಗೊತ್ತು, ಇಬ್ಬರೂ ನಾಟಕ ಬಿಟ್ಟು ನೇರವಾಗಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಝೆನ್‌ನ ಪಾಠ ಕೆವಿಎಂಗೂ ಉಪಯೋಗಕ್ಕೆ ಬಂತು ನೋಡಿ. 2008ರಲ್ಲಿ ರೆಡ್ ಹ್ಯಾಟ್ ಕಂಪನಿ ಕುಮ್ರಾನೆಟ್‌ನ್ನು 10 ಕೋಟಿ 70 ಲಕ್ಷ ಡಾಲರ್‌ಗೆ ಕೊಂಡಿತು. ಅಮೆಜಾನ್ ಕೂಡ 2017ರಿಂದ ತನ್ನ ಹೊಸ ಬಗೆಯ ಯಂತ್ರಗಳಲ್ಲಿ ಕೆವಿಎಂ ಆಧಾರದ ಹೈಪರ್‌ವೈಸರ್‌ಗೆ ಬಂದಿತು.

ಇನ್ನೊಂದು ದಾರಿಯೂ ಇದೆ, ಅದು ಕಂಟೇನರ್. ವರ್ಚುವಲ್ ಯಂತ್ರವೆಂದರೆ ಪ್ರತಿಯೊಂದಕ್ಕೂ ಬೇರೆ ಕರ್ನಲ್, ಅಂದರೆ ಪ್ರತಿ ಸಂಸಾರಕ್ಕೂ ಬೇರೆ ಅಡುಗೆಮನೆ. ಕಂಟೇನರ್ ಅಂದರೆ ಹಾಸ್ಟೆಲ್: ಕೋಣೆ ಬೇರೆ ಬೇರೆ, ಬೀಗ ಬೇರೆ ಬೇರೆ, ಅಡುಗೆಮನೆ ಒಂದೇ. ಎಲ್ಲರೂ ಒಂದೇ ಲಿನಕ್ಸ್ ಕರ್ನಲ್ ಹಂಚಿಕೊಳ್ಳುತ್ತಾರೆ. ಆದ್ದರಿಂದ ಕಂಟೇನರ್ ಹಗುರ, ಕ್ಷಣದಲ್ಲಿ ಶುರುವಾಗುತ್ತದೆ. ಆದರೆ ಲಿನಕ್ಸ್ ಹಾಸ್ಟೆಲ್‌ನಲ್ಲಿ ವಿಂಡೋಸ್ ಅತಿಥಿಗೆ ಊಟವಿಲ್ಲ. ಒಬ್ಬರಿಗೊಬ್ಬರು ಕಾಣದಂತೆ ಮಾಡುವ ನೇಮ್‌ಸ್ಪೇಸ್, ಇಂತಿಷ್ಟೇ ಮೆಮೊರಿ ಎಂದು ಅಳೆದು ಕೊಡುವ ಸಿಗ್ರೂಪ್ ಎಂಬ ಎರಡು ಸೌಲಭ್ಯಗಳು ಕರ್ನಲ್‌ನಲ್ಲಿ ಹಂತ ಹಂತವಾಗಿ ಬಂದವು. ಸಿಗ್ರೂಪ್ ಕೆಲಸ ಗೂಗಲ್‌ನ ಎಂಜಿನಿಯರುಗಳು 2006ರಲ್ಲಿ ಶುರು ಮಾಡಿದ್ದು, ಕರ್ನಲ್ ಸೇರಿದ್ದು 2008ರಲ್ಲಿ. ಓಪನ್‌ವಿಝಡ್, ಎಲ್‌ಎಕ್ಸ್‌ಸಿ ಇವೆಲ್ಲ ಈ ಜಾತಿಯವೇ. 2013ರಲ್ಲಿ ಡಾಕರ್ ಬಂದ ಮೇಲೆ ಕಂಟೇನರ್ ಮನೆಮಾತಾಯಿತು. ಎಂಜಿನಿಯರಿಂಗ್ ಓದುತ್ತಿರುವವರು ಇದರ ಹೆಸರು ದಿನಾ ಕೇಳುತ್ತಿರುತ್ತಾರೆ, ಹೆಚ್ಚು ಹೇಳುವುದಿಲ್ಲ.

ಅಪಾಯಗಳನ್ನೂ ಹೇಳದಿದ್ದರೆ ಶಿಕ್ಷಕನ ಕೆಲಸ ಅರ್ಧವಾಗುತ್ತದೆ. 2015ರಲ್ಲಿ ವೆನಮ್ ಎಂಬ ಹೆಸರಿನ ಒಂದು ದೋಷ ಸುದ್ದಿಯಾಯಿತು. ಅತಿಥಿಯೊಳಗೆ ಕೂತ ದುಷ್ಟನೊಬ್ಬ ಗೋಡೆ ಒಡೆದು ಆತಿಥೇಯನ ಮನೆಗೇ ನುಗ್ಗಬಹುದಾದಂಥ ದೋಷ. ಅದು ಇದ್ದದ್ದು ಎಲ್ಲಿ ಗೊತ್ತೇ? ಕ್ಯೂಇಎಂಯು ನಟಿಸುವ ಫ್ಲಾಪಿ ಡ್ರೈವ್‌ನಲ್ಲಿ. ಇಲ್ಲಿರುವ ಚಿಕ್ಕ ಮಕ್ಕಳು ಫ್ಲಾಪಿ ನೋಡಿಯೂ ಇರಲಿಕ್ಕಿಲ್ಲ. 2004ರಿಂದ ಹನ್ನೊಂದು ವರ್ಷ ಆ ಬಿರುಕು ಅಲ್ಲೇ ಇತ್ತು. ಮೂಲ ಬರಹ ತೆರೆದಿತ್ತು, ಆದರೂ ಯಾರೂ ಆ ಮೂಲೆಗೆ ಹೋಗಿ ನೋಡಿರಲಿಲ್ಲ. ಕೊನೆಗೆ ಒಬ್ಬ ಸಂಶೋಧಕರು ನೋಡಿದರು, ಬೇಗನೆ ತಿದ್ದುಪಡಿಯೂ ಬಂತು. ಬಾಗಿಲು ತೆರೆದಿದ್ದರೆ ಸಾಲದು, ಒಳಗೆ ಬಂದು ನೋಡುವವರೂ ಬೇಕು. ನಮ್ಮ ಮಕ್ಕಳು ಆ ನೋಡುವವರಲ್ಲಿ ಯಾಕಿರಬಾರದು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಲೈಸೆನ್ಸ್ ಮಾತು ಸಂಘದ ಖಜಾಂಚಿಯವರಿಗಾಗಿ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡಿತು. ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಬಳಸುವ ಲೈಸೆನ್ಸ್ ಮಾರಾಟವನ್ನು ಮರುತಿಂಗಳೇ ನಿಲ್ಲಿಸಿ, ಚಂದಾ ಪದ್ಧತಿ ಮಾತ್ರ ಉಳಿಸಿತು. ಅದನ್ನೇ ನಂಬಿದ್ದ ಅನೇಕ ಸಂಸ್ಥೆಗಳು ಬೇರೆ ದಾರಿ ಹುಡುಕಬೇಕಾಯಿತು. ಹಾಗೆಂದು ಮುಕ್ತ ತಂತ್ರಾಂಶದ ಲೋಕದಲ್ಲಿ ಮಾತು ಬದಲಾಗುವುದೇ ಇಲ್ಲ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಅಸಂಖ್ಯ ಸರ್ವರ್‌ಗಳಲ್ಲಿದ್ದ ಸೆಂಟ್‌ಒಎಸ್ ಲಿನಕ್ಸ್ 8ರ ಬೆಂಬಲ 2021ರ ಕೊನೆಗೇ ಮುಗಿಯುತ್ತದೆ ಎಂದು 2020ರ ಡಿಸೆಂಬರ್‌ನಲ್ಲಿ ಏಕಾಏಕಿ ಘೋಷಿಸಿದರು. ಜನ ಸಿಟ್ಟಾದರು. ಆದರೆ ಮೂಲ ಬರಹ ತೆರೆದಿದ್ದರಿಂದ 2021ರಲ್ಲೇ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಹೊಸ ಮನೆಗಳು ಎದ್ದವು. ಮುಚ್ಚಿದ ತಂತ್ರಾಂಶದಲ್ಲಿ ಇದು ಸಾಧ್ಯವಿರಲಿಲ್ಲ.

ಈಗ ಆ ಹಳೆಯ ಕೊಠಡಿಗೆ ಮರಳೋಣ. ಮರುವರ್ಷ ನಾವು ನಾಲ್ಕು ಕೋರಿನ, 16 ಜಿಬಿ ಮೆಮೊರಿಯ ಒಂದು ಸೆಕೆಂಡ್‌ಹ್ಯಾಂಡ್ ಯಂತ್ರ ತಂದು ಡೆಬಿಯನ್ ಲಿನಕ್ಸ್ ಹಾಕಿದೆವು. ಮೇಲೆ ಕೆವಿಎಂ, ಕ್ಯೂಇಎಂಯು ಮತ್ತು ವರ್ಟ್-ಮ್ಯಾನೇಜರ್. ಮೊದಲ ದಿನವೇ 'ವರ್ಚುವಲೈಸೇಶನ್ ಲಭ್ಯವಿಲ್ಲ' ಎಂಬ ಸಂದೇಶ ಬಂತು. ಎರಡು ಸಂಜೆ ತಲೆ ಕೆಡಿಸಿಕೊಂಡೆವು. ಆಮೇಲೆ ನೋಡಿದರೆ ಪ್ರೊಸೆಸರ್‌ನಲ್ಲಿ ಸೌಲಭ್ಯ ಇದೆ, ಬಯೋಸ್‌ನಲ್ಲಿ ಅದನ್ನು ಆಫ್ ಮಾಡಿಟ್ಟಿದ್ದಾರೆ! ಆನ್ ಮಾಡಿದ ಮೇಲೆ ಮೂರು ವರ್ಚುವಲ್ ಯಂತ್ರ ಮಾಡಿ, ಪಾಠಗಳಿಗೆ 4 ಜಿಬಿ, ಅಂಕಪಟ್ಟಿಗೆ 2, ವಿದ್ಯಾರ್ಥಿವೇತನಕ್ಕೆ 2 ಕೊಟ್ಟೆವು. ವಿದ್ಯಾರ್ಥಿವೇತನದ ಮನೆಯಲ್ಲಿ ಹಳೆಯ ಡೇಟಾಬೇಸ್ ಹಾಗೆಯೇ ಉಳಿಯಿತು, ಆ ಮನೆಗೆ ಹೊರಗಿನ ಇಂಟರ್‌ನೆಟ್ ಕೊಡಲಿಲ್ಲ. ಪಾಠದ ಮನೆಯಲ್ಲಿ ಹುಡುಗರು ಏನು ಬೇಕಾದರೂ ಏರಿಸಲಿ, ಪಕ್ಕದ ಮನೆಗೆ ಸದ್ದೂ ಕೇಳುವುದಿಲ್ಲ.

ಇನ್ನೊಂದು ನಿಯಮ ಮಾಡಿದೆವು: ಏನನ್ನೇ ಬದಲಿಸುವ ಮುಂಚೆ ಸ್ನ್ಯಾಪ್‌ಶಾಟ್ ತೆಗೆಯಬೇಕು. ಆ ಗಳಿಗೆಯಲ್ಲಿ ಯಂತ್ರದ ಡಿಸ್ಕ್ ಹೇಗಿತ್ತೋ ಹಾಗೆ ಗುರುತು ಹಾಕಿಡುವುದು. ಕೆಟ್ಟರೆ ಆ ಗುರುತಿಗೆ ಹಿಂತಿರುಗಬಹುದು. ಆದರೆ ಸ್ನ್ಯಾಪ್‌ಶಾಟ್ ಅಂದರೆ ಬ್ಯಾಕಪ್ ಅಲ್ಲ, ಇದನ್ನು ಬರೆದುಕೊಳ್ಳಿ. ಅದೂ ಅದೇ ಡಿಸ್ಕ್‌ನಲ್ಲಿ ಇರುತ್ತದೆ, ಡಿಸ್ಕ್ ಸುಟ್ಟರೆ ಎರಡೂ ಹೋದವು. ಮೂರು ಮನೆ ಒಂದೇ ಕಟ್ಟಡದಲ್ಲಿರುವಾಗ ಕಟ್ಟಡ ಬಿದ್ದರೆ ಮೂರೂ ಬೀಳುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ತೆಗೆದು, ಆ ಹಾರ್ಡ್‌ಡಿಸ್ಕನ್ನು ಕೊಠಡಿಯಲ್ಲಿ ಇಡದೆ ಮುಖ್ಯೋಪಾಧ್ಯಾಯರ ಮನೆಯ ಬೀರುವಿನಲ್ಲಿ ಇಡುತ್ತಿದ್ದೆವು.

ಅಂಕಪಟ್ಟಿ, ಅರ್ಜಿ ಮುಂತಾದ ನಮ್ಮ ಸಂಘದ ಕೆಲಸಗಳಿಗೂ ಹೀಗೆ ಮಾಡೋಣವೆಂದು ಕಾರ್ಯದರ್ಶಿಗಳು ಒಪ್ಪಿದ್ದಾರೆ. ಇದಕ್ಕೆ ಮಕ್ಕಳ ಕೈ ಬೇಕು. ನಿಮ್ಮ ಮನೆಯಲ್ಲಿ ಅಥವಾ ಕಾಲೇಜಿನಲ್ಲಿ ಲಿನಕ್ಸ್ ಇದ್ದರೆ ಟರ್ಮಿನಲ್ ತೆರೆದು ಎಲ್‌ಎಸ್‌ಸಿಪಿಯು ಎಂಬ ಆಜ್ಞೆ ಕೊಡಿ, ವರ್ಚುವಲೈಸೇಶನ್ ಎಂಬ ಸಾಲಿನಲ್ಲಿ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಎಂದು ಕಂಡರೆ ಆ ಯಂತ್ರದಲ್ಲಿ ಅಭ್ಯಾಸ ಮಾಡಬಹುದು. ಕಾಣದಿದ್ದರೆ ಪ್ರೊಸೆಸರ್‌ನ್ನು ಬೈಯುವ ಮುಂಚೆ ಬಯೋಸ್ ನೋಡಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಸಂಕೋಚಪಡಬೇಡಿ, ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೇಲಿನ ಕೊಠಡಿಗೆ ಬನ್ನಿ, ಅಲ್ಲಿ ಎರಡು ಯಂತ್ರ ಖಾಲಿ ಇವೆ. ಅಂದು ಹೇಳಿಕೊಡುವವನು ನಾನಲ್ಲ. ಡೇಟಾಬೇಸ್ ಏರಿಸಿ ಬೈಗುಳ ತಿಂದ ಆ ಹುಡುಗನನ್ನು ಹುಡುಕಿಕೊಂಡು ಅವನ ಮನೆಗೆ ಹೋಗಿ, ಅಂದು ಆಡಿದ ಮಾತಿಗೆ ಕ್ಷಮೆ ಕೇಳಿ ಬಂದಿದ್ದೇನೆ. ಈಗ ಅವನು ಡಿಪ್ಲೊಮಾ ಮುಗಿಸಿದ್ದಾನೆ. ಬರುತ್ತೇನೆ ಸಾರ್ ಎಂದಿದ್ದಾನೆ.